ಅಂಚಿನ ಕಲ್ಲೇಟು

ನಮ್ಮೆಜಮಾನರಿಗೆ ಬೀದಿಯವರು ಇಟ್ಟಿರುವ ಹೆಸರು ‘ಪರವಾಗಿಲ್ಲ’. ಅಂಗಡಿಗೆ ಬೇರೆ ಹೆಸರಿದೆ, ಬೋರ್ಡೂ ಇದೆ, ನಾನೇ ಎದುರಿಗೆ ನಿಂತು ಬರೆಸಿದ್ದು. ಆದರೆ ಯಾರನ್ನಾದರೂ ಕೇಳಿ ನೋಡಿ, “ಓ, ಪರವಾಗಿಲ್ಲ ಗ್ಲಾಸಿನವರಾ? ಟೈರ್ ಅಂಗಡಿ ಪಕ್ಕ” ಎನ್ನುತ್ತಾರೆ. ತಪ್ಪು ಅವರದಲ್ಲ. ಈ ಮನುಷ್ಯನ ಬಾಯಲ್ಲಿ ಬೆಳಗಿನಿಂದ ಸಂಜೆವರೆಗೆ ಬರುವ ಮಾತು ಅದೊಂದೇ. ಅಡುಗೆಗೆ ಉಪ್ಪು ಬಿದ್ದಿಲ್ಲವೇ? ಪರವಾಗಿಲ್ಲ. ಉಪ್ಪು ಹದವಾಗಿ ಬಿದ್ದು ರುಚಿಯಾಗಿದೆಯೇ? ಆಗಲೂ ಪರವಾಗಿಲ್ಲ. ಯಾರೋ ಕಾಲು ತುಳಿದರೆ ಪರವಾಗಿಲ್ಲ, ಮಗಳು ಕ್ಲಾಸಿಗೇ ಮೊದಲು ಬಂದರೆ ‘ಪರವಾಗಿಲ್ವೇ!’ ಮದುವೆಗೆ ಮುಂಚೆ ನನ್ನನ್ನು ನೋಡಿಕೊಂಡು ಹೋದ ಮೇಲೆ ಅತ್ತೆ “ಹುಡುಗಿ ಹೇಗಿದ್ದಾಳೋ?” ಎಂದು ಕೇಳಿದ್ದಕ್ಕೂ ಇವರು ಕೊಟ್ಟ ಉತ್ತರ ಅದೇ ಅಂತೆ. ಅತ್ತೆ ಇದನ್ನು ನಗುನಗುತ್ತಾ ನನಗೆ ಹೇಳಿದರು. ನಾನು ನಗಲಿಲ್ಲ. ಇವತ್ತಿಗೂ ನಕ್ಕಿಲ್ಲ.

ಆ ಮಾತಿನ ಗುಣವೇ ಅಂಥದ್ದು. ಚೆನ್ನಾಗಿದೆ ಎನ್ನುವುದಕ್ಕೂ ಅದೇ, ಚೆನ್ನಾಗಿಲ್ಲ ಆದರೆ ಹೇಗೋ ನಡೆಯುತ್ತದೆ ಎನ್ನುವುದಕ್ಕೂ ಅದೇ, ಹಾಳಾಗಿ ಹೋಗಲಿ ಬಿಡು ಎನ್ನುವುದಕ್ಕೂ ಅದೇ. ಹೇಳಿದವನು ಒಂದು ಅರ್ಥದಲ್ಲಿ ಹೇಳುತ್ತಾನೆ, ಕೇಳಿದವನು ತನಗೆ ಬೇಕಾದ ಅರ್ಥ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಇಬ್ಬರಿಗೂ ಜಗಳವಿಲ್ಲ. ಇಷ್ಟು ವರ್ಷ ಇವರು ಯಾರ ಬಾಯಿಗೂ ಬೀಳದೆ ಬದುಕಿದ್ದು ಹೀಗೇ. ಜಗಳ ಆಡುವ ಕೆಲಸವನ್ನೆಲ್ಲ ನನಗೆ ಬಿಟ್ಟುಕೊಟ್ಟಿದ್ದರು.

ಕೆಲಸಕ್ಕೆ ಕೂತರೆ ಮಾತ್ರ ಆಸಾಮಿ ಬೇರೆ. ಕಾರಿನ ಮುಂದಿನ ಗ್ಲಾಸಿಗೆ ಕಲ್ಲು ಸಿಡಿದು ಆಗುತ್ತದಲ್ಲ, ಸಣ್ಣ ಗಾಯ, ಅದನ್ನು ತುಂಬುವುದು ಇವರ ಕಸುಬು. ಗಾಯದ ಮೇಲೆ ಒಂದು ಪುಟ್ಟ ಪಂಪು ಅಂಟಿಸಿ, ಒಳಗಿನ ಗಾಳಿ ಎಳೆದು, ಗಾಜಿನಂಥದ್ದೇ ತಿಳಿಯಾದ ಅಂಟನ್ನು ಹನಿಹನಿಯಾಗಿ ಇಳಿಸುತ್ತಾರೆ. ನೀಲಿ ದೀಪ ಹಿಡಿದು ಗಟ್ಟಿ ಮಾಡಿ, ಬ್ಲೇಡಿನಿಂದ ಹೆರೆದು, ಉಜ್ಜಿ ಹೊಳಪು ಕೊಡುತ್ತಾರೆ. ತುಂಬಿದ ಮೇಲೆ ಗಾಯ ಎಲ್ಲಿತ್ತು ಎಂದು ಕಾರಿನವರೇ ಹುಡುಕಬೇಕು. ಆ ಹೊತ್ತಿನಲ್ಲಿ ನಾನು ಕರೆದರೂ ಕೇಳಿಸುವುದಿಲ್ಲ. ಕೇಳಿಸದ ಹಾಗೆ ಮಾಡುತ್ತಾರೋ ಏನೋ, ಆ ವಿಷಯ ಬೇರೆ.

ತುಂಬುವುದೋ, ಇಡೀ ಗ್ಲಾಸನ್ನೇ ಬದಲಾಯಿಸುವುದೋ ಎಂದು ನೋಡಿದ ತಕ್ಷಣ ಹೇಳುತ್ತಿದ್ದರು. ಗಾಯ ಹೆಬ್ಬೆರಳ ಉಗುರಿಗಿಂತ ಚಿಕ್ಕದಾಗಿದ್ದು ಗ್ಲಾಸಿನ ನಡುವೆ ಎಲ್ಲಾದರೂ ಇದ್ದರೆ ತುಂಬಬಹುದು. ಅಂಚಿನ ಹತ್ತಿರವಿದ್ದರೆ ಎಷ್ಟೇ ಚಿಕ್ಕದಿರಲಿ, ಮುಟ್ಟುತ್ತಿರಲಿಲ್ಲ. ಗ್ಲಾಸು ಕಾರಿನ ಮೈಗೆ ಅಂಟಿಕೊಂಡಿರುವುದು ಅಂಚಿನಲ್ಲಿ, ಹೊಂಡಕ್ಕೆ ಬಿದ್ದು ಕಾರು ಕುಲುಕಿದಾಗ ಎಳೆತ ಬೀಳುವುದೂ ಅಲ್ಲೇ. “ನಡುವಿನ ಗಾಯ ಕೂಡತ್ತೆ, ಅಂಚಿನ ಗಾಯ ಓಡತ್ತೆ” ಎಂದು ಇವರೇ ಕಟ್ಟಿಕೊಂಡ ಗಾದೆ. ಇದೊಂದು ವಿಷಯದಲ್ಲಿ ಇವರು ‘ಪರವಾಗಿಲ್ಲ’ ಎಂದದ್ದನ್ನು ನಾನು ಕೇಳಿರಲಿಲ್ಲ. ಬಂದ ಗಿರಾಕಿಯನ್ನು “ಇಲ್ಲ, ಹೊಸದು ಹಾಕ್ಸಿ” ಎಂದು ಮುಖಕ್ಕೆ ಹೊಡೆದ ಹಾಗೆ ವಾಪಸು ಕಳಿಸುತ್ತಿದ್ದರು.

ಬಿಸಿಲು ಬೆನ್ನು ಸುಡುವಂಥ ಒಂದು ಮಧ್ಯಾಹ್ನ ನಮ್ಮ ಶೆಡ್ಡಿನ ಮುಂದೆ ಒಂದು ಕಪ್ಪು ಕಾರು ಬಂದು ನಿಂತಿತು. ಕಾರು ಎನ್ನುವುದೋ ಮನೆ ಎನ್ನುವುದೋ! ಮೂತಿ ಮಾತ್ರ ಶೆಡ್ಡಿನೊಳಗೆ ಬಂತು, ಉಳಿದ ಮೈಯೆಲ್ಲ ರಸ್ತೆಯಲ್ಲಿ. ಟೈರ್ ಅಂಗಡಿಯವನು ಕೈಯಲ್ಲಿದ್ದ ಪಾನಾ ಬಿಟ್ಟು ನೋಡುತ್ತಾ ನಿಂತ. ಇಂಥ ಕಾರುಗಳು ನಮ್ಮಂಥವರ ಹತ್ತಿರ ಬರುವುದಿಲ್ಲ, ಕಂಪನಿಯ ಗಾಜಿನ ಮನೆಗೆ ಹೋಗುತ್ತವೆ. ಇಳಿದವನು ಡ್ರೈವರ್. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬೆವರಿಗೆ ಬೆನ್ನಿಗಂಟಿತ್ತು. ನಮ್ಮವರಿಗಿಂತ ಚಿಕ್ಕವನು. ನನ್ನನ್ನು ನೋಡಿ “ನಮಸ್ಕಾರ ಅಕ್ಕ” ಎಂದ, ಕಣ್ಣು ಮಾತ್ರ ರಸ್ತೆಯ ಕಡೆಗೇ ಇತ್ತು.

ಅವನ ಕಥೆ ಇಷ್ಟೇ. ಕಾರಿನ ಮಾಲೀಕರು ಪರವೂರಿಗೆ ಹೋಗಿದ್ದರು. ಹೋಗುವಾಗ “ಬ್ಯಾಟರಿ ಇಳಿದುಹೋಗತ್ತೆ, ದಿನಾ ಒಂದು ಸುತ್ತು ಹಾಕಿಸು” ಎಂದಿದ್ದರು. ಸುತ್ತು ಎಂದರೆ ಎಷ್ಟು ದೊಡ್ಡದು ಎಂದು ಅವರು ಹೇಳಿರಲಿಲ್ಲ. ಇವನು ಹೆಂಡತಿ, ಮಕ್ಕಳು, ಅತ್ತೆ ಎಲ್ಲರನ್ನೂ ಕೂರಿಸಿಕೊಂಡು ಊರಾಚೆಯ ಹೆದ್ದಾರಿಯವರೆಗೆ ಸುತ್ತು ಹಾಕಿಸಿದ್ದಾನೆ.

“ನಮ್ಮತ್ತೆ ಯಾವತ್ತೂ ನನ್ನನ್ನ ಅಳಿಯ ಅಂತ ಲೆಕ್ಕಕ್ಕೇ ಇಟ್ಕೊಂಡಿಲ್ಲ ಅಕ್ಕ,” ಎಂದ. “ಅವತ್ತು ಹಿಂದಿನ ಸೀಟಲ್ಲಿ ಕೂತ್ಕೊಂಡು ‘ಪರವಾಗಿಲ್ವೇ ಅಳಿಯಂದ್ರು’ ಅಂದ್ರು. ಆ ಮಾತು ಬಾಯಿಂದ ಬಿತ್ತು, ಮುಂದಿನ ಜಲ್ಲಿ ಲಾರಿಯಿಂದ ಕಲ್ಲೂ ಬಿತ್ತು.”

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ನಗುತ್ತಿದ್ದ ಹಾಗೇ ಕಣ್ಣು ತುಂಬಿಕೊಂಡ. ಮಾಲೀಕರು ಮಾರನೆಯ ದಿನ ಬರುವವರಿದ್ದರು. ಗ್ಲಾಸು ಬದಲಾಯಿಸಬೇಕೆಂದರೆ ಅದು ಎಲ್ಲಿಂದಲೋ ತರಿಸಬೇಕಾದ ಗ್ಲಾಸು. ಅದರ ನೆತ್ತಿಯಲ್ಲಿ ಕ್ಯಾಮೆರಾ ಬೇರೆ, ಹೊಸದು ಕೂರಿಸಿದ ಮೇಲೆ ಅದರ ಕಣ್ಣನ್ನೂ ಕಂಪನಿಯವರೇ ಸರಿ ಮಾಡಬೇಕು. ಮಾಲೀಕರಿಗೆ ಗೊತ್ತಾಗದೆ ಆಗುವ ಕೆಲಸವಲ್ಲ. ಗೊತ್ತಾದರೆ ಕೆಲಸ ಹೋಯಿತೆಂದೇ ಅವನು ತೀರ್ಮಾನ ಮಾಡಿಬಿಟ್ಟಿದ್ದ.

ನಮ್ಮವರು ಬಗ್ಗಿ ನೋಡಿದರು. ಬೆರಳಿನಿಂದ ಸವರಿದರು. ಟಾರ್ಚು ಹಾಕಿ ಪಕ್ಕದಿಂದ ನೋಡಿದರು. ಕೆಳಗಿನ ಅಂಚಿಗೆ ಅಂಟಿಕೊಂಡ ಹಾಗೆ, ಸ್ಟಿಯರಿಂಗಿನ ಎದುರಿಗೆ ಒಂದು ಪುಟ್ಟ ನಕ್ಷತ್ರ, ಅದಕ್ಕೊಂದು ಕೂದಲೆಳೆಯಂಥ ಕಾಲು ಮೂಡಿ ಅಂಚಿನ ಕಡೆಗೇ ಇಳಿದಿತ್ತು.

“ಇದು ತುಂಬೋದಲ್ಲ ತಮ್ಮ. ಅಂಚಿನದು. ಬದಲಾಯಿಸ್ಬೇಕು.”

“ಅಣ್ಣ, ಹಾಗನ್ಬೇಡಿ. ಒಂದು ಸಲ ತುಂಬಿ ನೋಡಿ. ಕಾಣದೇ ಇದ್ರೆ ಸಾಕು.”

“ಕಾಣದೇ ಇರೋದು ಬೇರೆ, ಗಟ್ಟಿ ಇರೋದು ಬೇರೆ.”

“ನಿಮಗೆ ಕೈ ಮುಗೀತೀನಿ ಅಣ್ಣ. ಇಬ್ಬರು ಮಕ್ಕಳು.”

ಅವನು ನಿಜವಾಗಿಯೂ ಕೈ ಮುಗಿದ. ನಮ್ಮವರಿಗೆ ಯಾರಾದರೂ ಎದುರಿಗೆ ನಿಂತು ಕೈ ಮುಗಿದರೆ ಮುಗಿಯಿತು, ಬೆಣ್ಣೆ. “ನೋಡ್ತೀನಿ, ಆದ್ರೆ ಗ್ಯಾರಂಟಿ ಕೇಳ್ಬೇಡಿ” ಎಂದು ಗೊಣಗಿಕೊಂಡು ಪಂಪು ತೆಗೆದರು. ಅಷ್ಟರಲ್ಲಿ ಅಂಗಡಿಯ ಫೋನು ಬಂತು, ನಾನು ಒಳಗೆ ಹೋದೆ. ಮಾತು ಮುಗಿಸಿ ಹೊರಗೆ ಬಂದಾಗ ಕೆಲಸ ಆಗಿತ್ತು. ನಕ್ಷತ್ರವೂ ಇಲ್ಲ, ಕಾಲೂ ಇಲ್ಲ. ಡ್ರೈವರ್ ಮೂಗು ಗ್ಲಾಸಿಗೆ ತಾಗುವಷ್ಟು ಬಗ್ಗಿ ಹುಡುಕುತ್ತಿದ್ದ.

“ಹೇಗಿದೆ ಅಣ್ಣ? ಆಯ್ತಾ?”

ಇವರು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಒರೆಸಿದ ಕೈಯನ್ನೇ ಇನ್ನೊಮ್ಮೆ ಒರೆಸಿದರು. ಆಮೇಲೆ ಹೇಳಿದರು, “ಪರವಾಗಿಲ್ಲ.”

ಅಬ್ಬಾ, ಆ ಡ್ರೈವರಿನ ಮುಖ ನೋಡಬೇಕಿತ್ತು! ಅರಳಿದ್ದು ಅರಳಿದ್ದೇ. ಇವರ ಎರಡೂ ಕೈ ಹಿಡಿದುಕೊಂಡು ಅಲ್ಲಾಡಿಸಿದ. ರಸೀದಿ ಬೇಡ, ನನ್ನ ಹೆಸರೂ ಬರೆದುಕೊಳ್ಳಬೇಡಿ ಎಂದ. “ಅಕ್ಕ, ನಿಮ್ಮ ಯಜಮಾನರು ದೇವರಂಥವರು” ಎಂದು ನನಗೊಂದು ಸರ್ಟಿಫಿಕೇಟು ಕೊಟ್ಟ. “ಮನೆಗೆ ಕರ್ಕೊಂಡು ಹೋಗಿ ಒಂದು ವಾರ ಇಟ್ಕೊಂಡು ನೋಡಿ, ಆಮೇಲೆ ಹೇಳಿ” ಎಂದೆ. ಕಾರು ಹಿಂದಕ್ಕೆ ಸರಿದು ಹೋಯಿತು. ಇವರು ಅದು ತಿರುವು ದಾಟುವವರೆಗೆ ನೋಡುತ್ತಾ ನಿಂತೇ ಇದ್ದರು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ದೊಡ್ಡ ಕಾರು, ಗಂಡಸರು ನೋಡುತ್ತಾರೆ.

ಬದಲಾವಣೆ ಮೊದಲು ಕಂಡದ್ದು ನಮ್ಮ ಮಗಳಿಗೆ. “ಅಮ್ಮ, ಅಪ್ಪ ಯಾಕೆ ಪರವಾಗಿಲ್ಲ ಅನ್ನೋದೇ ಬಿಟ್ಟಿದ್ದಾರೆ?” ಎಂದಳು. ಹೌದಲ್ಲ ಎಂದು ನಾನೂ ಗಮನಿಸಿದೆ. ಬೇಕೆಂದೇ ಅಡುಗೆಗೆ ಉಪ್ಪು ಹಾಕದೆ ಬಡಿಸಿದೆ. ಸುಮ್ಮನೆ ತಿಂದು ಎದ್ದರು. ಮಾರನೆಯ ದಿನ ಹಿಡಿ ಉಪ್ಪು ಸುರಿದು ನೋಡಿದೆ, ಅದನ್ನೂ ತಿಂದರು! ಯಾವ ಗಿರಾಕಿ ಬಂದರೂ, ನಡುವಿನ ಸಣ್ಣ ಚುಕ್ಕೆಗೂ “ಹೊಸದು ಹಾಕ್ಸಿ, ಹೊಸದು ಹಾಕ್ಸಿ” ಎನ್ನತೊಡಗಿದರು. ಬೀದಿಯಲ್ಲಿ ಕಪ್ಪು ಕಾರು ಹೋದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದು ನಿಲ್ಲುತ್ತಿದ್ದರು.

ಒಂದು ದಿನ ಟೈರ್ ಅಂಗಡಿಯವನು ಬಂದು, “ಮೇಲಿನ ರಸ್ತೇಲಿ ಗಾಜಿನ ಚೂರು ಚೆಲ್ಲಿದೆ, ಸ್ಕೂಟರು ನೋಡ್ಕೊಂಡು ಓಡಿಸಿ” ಎಂದ. ಇವರು ಬಿಳಿಚಿಕೊಂಡು “ಯಾವ ಕಾರು? ಕಪ್ಪಾ? ಯಾರಿಗೆ ಏನಾಯ್ತು?” ಎಂದು ಅವನ ಅಂಗಿ ಹಿಡಿದರು. ಅವನು ಕಕ್ಕಾಬಿಕ್ಕಿಯಾಗಿ “ಕಾರೂ ಇಲ್ಲ ಗೀರೂ ಇಲ್ಲ, ಯಾರೋ ಕುಡುಕ ಬಾಟ್ಲಿ ಒಡೆದಿದ್ದಾನೆ ಮಾರಾಯ್ರೆ” ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ. ನನಗೆ ಅಷ್ಟು ಸಾಕಾಯಿತು.

ರಜೆಯ ದಿನ ಬೆಳಿಗ್ಗೆ ಇವರು ಅಡುಗೆಮನೆಗೆ ನೀರು ಕುಡಿಯಲು ಬಂದಾಗ ಬಾಗಿಲಿಗೆ ಅಡ್ಡ ನಿಂತೆ. “ರೀ, ಏನಾಗಿದೆ ಹೇಳಿ. ಇಲ್ಲಾಂದ್ರೆ ಇವತ್ತು ಈ ಬಾಗಿಲು ನೀವೂ ದಾಟೋದಿಲ್ಲ, ನಾನೂ ದಾಟೋದಿಲ್ಲ” ಎಂದೆ.

ಲೋಟ ಹಿಡಿದುಕೊಂಡೇ ನಿಂತರು. “ಆ ಕಪ್ಪು ಕಾರಿಂದು ನಿಲ್ಲಲ್ಲ ಕಣೇ.”

“ಯಾವುದು ನಿಲ್ಲಲ್ಲ?”

“ತುಂಬಿದ್ದು. ಅಂಟು ಕಾಲಿನ ತುದಿವರೆಗೂ ಇಳೀಲೇ ಇಲ್ಲ. ಮೇಲೆ ಮುಚ್ಚಿದೆ ಅಷ್ಟೆ. ಒಳಗೆ ಹಾಗೇ ಇದೆ. ನನಗೆ ಅವತ್ತೇ ಗೊತ್ತಿತ್ತು.”

“ಗೊತ್ತಿದ್ದೂ ಪರವಾಗಿಲ್ಲ ಅಂದ್ರಾ?”

“ಸುಳ್ಳು ಹೇಳ್ಬೇಕು ಅಂತ ಹೇಳ್ಲಿಲ್ಲ. ‘ಆಯ್ತು, ಗಟ್ಟಿ ಇದೆ’ ಅನ್ನೋಕೆ ನಾಲಿಗೆ ಬರ್ಲಿಲ್ಲ. ‘ಇಲ್ಲ’ ಅನ್ನೋಕೆ ಅವನ ಮುಖ ಬಿಡ್ಲಿಲ್ಲ. ಆಗ ಅದೊಂದು ಮಾತು ಬಂತು. ನಾನು ಹೇಳಿದ್ದು ನೋಡೋಕೆ ಪರವಾಗಿಲ್ಲ ಅಂತ. ಅವನು ಇನ್ನೊಂದು ತರ ತಗೋತಾನೆ ಅಂತ ನನಗೆ ಗೊತ್ತಿತ್ತು. ತಗೊಳ್ಲಿ ಅಂತಲೇ ಹೇಳಿದ್ದು.”

ನನಗೆ ಎಷ್ಟು ಕೋಪ ಬಂತೆಂದರೆ, ಹೇಳಬಾರದು. ಇಷ್ಟು ವರ್ಷದಲ್ಲಿ ಆ ಮಾತಿಗೆ ನಾನು ಬೈದದ್ದೆಲ್ಲ ತಮಾಷೆಗೆ ಎಂದು ನನಗೇ ಅವತ್ತು ಗೊತ್ತಾಯಿತು. ನಿಜವಾದ ಕೋಪದಲ್ಲಿ ಬೈದೆ. ಹೆದ್ದಾರಿಯಲ್ಲಿ ಓಡುವಾಗ ಕಣ್ಣೆದುರಿನ ಗ್ಲಾಸು ಸೀಳಿದರೆ ಆ ಹುಡುಗನ ಗತಿಯೇನು, ಒಳಗೆ ಕೂತವರ ಗತಿಯೇನು, ಕೈ ಮುಗಿದವನನ್ನು ಕೈಯಾರೆ ಗುಂಡಿಗೆ ತಳ್ಳಿ ದೇವರಂಥವರು ಎನ್ನಿಸಿಕೊಂಡಿರಲ್ಲ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದ ಮಾತನ್ನು ಹಿಡಿದು ತರಬೇಕಾದರೆ ಮೊದಲು ಅವನು ಸಿಗಬೇಕು. ಹೆಸರಿಲ್ಲ, ಫೋನ್ ನಂಬರಿಲ್ಲ.

ಅಲ್ಲಿಂದ ಇವರ ಅಲೆದಾಟ ಶುರುವಾಯಿತು. ಸಂಜೆ ಅಂಗಡಿ ಮುಚ್ಚಿ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದೊಡ್ಡ ಮನೆಗಳ ಬೀದಿಗಳಲ್ಲಿ ನಿಧಾನಕ್ಕೆ ಸುತ್ತುತ್ತಿದ್ದರು. ಗೇಟುಗಳಿಗೆ ಕಣ್ಣು ಹಾಕಿಕೊಂಡು ಸ್ಕೂಟರಿನಲ್ಲಿ ತೆವಳುವ ಗಂಡ ಹೆಂಡತಿಯನ್ನು ಯಾವ ಕಾವಲುಗಾರ ನಂಬುತ್ತಾನೆ? ಒಬ್ಬ ದೊಣ್ಣೆ ಹಿಡಿದು ಬಂದ. “ಮನೆ ಬಾಡಿಗೆಗೆ ಹುಡುಕ್ತಿದ್ದೀವಿ” ಎಂದೆ. ಅವನು ನಮ್ಮ ಸ್ಕೂಟರನ್ನು ಮೇಲಿಂದ ಕೆಳಗೆ ನೋಡಿ, “ಈ ಬೀದಿಲಾ?” ಎಂದ. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕ ಉತ್ತರ ಕೊಡುತ್ತಿದ್ದೆ.

ಕಾರು ಸಿಕ್ಕಿದ್ದು ಯಾವ ಗೇಟಿನಲ್ಲೂ ಅಲ್ಲ, ಮಾರುಕಟ್ಟೆಯ ಸಿಗ್ನಲ್ಲಿನಲ್ಲಿ. ಕೆಂಪು ದೀಪಕ್ಕೆ ನಿಂತಿದ್ದೆವು. ಮುಂದಿನ ಸಾಲಿನಲ್ಲಿ ಅದೇ ಕಾರು. “ಹಿಡ್ಕೋ” ಎಂದು ಸ್ಕೂಟರನ್ನು ನನ್ನ ಕೈಗೆ ಕೊಟ್ಟು ಇವರು ಗಾಡಿಗಳ ನಡುವೆ ನುಸುಳಿ ಓಡಿದರು. ಹಾರ್ನುಗಳು, ಬೈಗುಳಗಳು. ಕಾರಿನ ಮುಂದೆ ಬಗ್ಗಿ ಗ್ಲಾಸಿನ ಅಂಚನ್ನು ನೋಡಿದರು, ಮೂಲೆಯಲ್ಲಿ ಅಚ್ಚಾದ ಕಂಪನಿ ಗುರುತನ್ನು ನೋಡಿದರು. ನೋಡಿ ನನ್ನ ಕಡೆ ತಿರುಗಿದಾಗ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು. “ಹೊಸದು ಕಣೇ! ಹೊಸ ಗ್ಲಾಸು!” ಎಂದು ಅಷ್ಟು ದೂರದಿಂದ ಕೂಗಿದರು. ನನಗೂ ಎದೆಯಿಂದ ಏನೋ ಇಳಿದ ಹಾಗಾಯಿತು.

ಅಷ್ಟರಲ್ಲಿ ಪಕ್ಕದ ಗ್ಲಾಸು ಇಳಿಯಿತು. “ಏನ್ರೀ, ಸಾಯೋಕೆ ನನ್ನ ಗಾಡೀನೇ ಸಿಕ್ತಾ?” ಎಂದ ಮುಖ ಬೇರೆಯದು. ಮೀಸೆಯ, ದಪ್ಪ ಮುಖದ, ನಾವು ಯಾವತ್ತೂ ಕಾಣದ ಡ್ರೈವರು.

“ಹಳೇ ಡ್ರೈವರು ಎಲ್ಲಿ?” ಎಂದು ಇವರು ಕೇಳಿದ್ದಕ್ಕೆ, “ಅವನನ್ನ ಬಿಡಿಸಿದ್ರಲ್ಲ. ಗ್ಲಾಸಿನ ಗಲಾಟೆ. ಈಗ ತರಕಾರಿ ಮಂಡಿ ಹಿಂದೆ ಸಾಮಾನಿನ ಆಟೋ ಹೊಡೀತಾನೆ, ಅಲ್ಲೇ ಮನೆ” ಎಂದ. ಹಸಿರು ದೀಪ ಬಂತು, ಕಾರು ಹೋಯಿತು. ಇವರು ರಸ್ತೆಯ ನಡುವೆ ನಿಂತೇ ಇದ್ದರು. ನಾನೇ ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಸ್ಕೂಟರು ಓಡಿಸುವ ಸ್ಥಿತಿಯಲ್ಲಿ ಇವರಿರಲಿಲ್ಲ. ಮಾರನೆಯ ದಿನ ಬಸ್ಸಿನಲ್ಲಿ ಹೋದೆವು. ಮಂಡಿಯ ಹಿಂದಿನ ಸಂದಿಯಲ್ಲಿ ಒಂದಕ್ಕೊಂದು ಆತುಕೊಂಡ ಮನೆಗಳು. ಒಂದೇ ಕೋಣೆ, ಅದರಲ್ಲೇ ಮಂಚ, ಅದರಲ್ಲೇ ಒಲೆ. ಗೋಡೆಯ ಮೊಳೆಗೆ ಆ ಬಿಳಿ ಶರ್ಟು ಇಸ್ತ್ರಿ ಸಮೇತ ನೇತು ಹಾಕಿತ್ತು. ಡ್ರೈವರ್ ನಮ್ಮನ್ನು ನೋಡಿ ಮಂಚದಿಂದ ಜಿಗಿದೆದ್ದ. ನಾವು ಬೈಸಿಕೊಳ್ಳುವುದಕ್ಕೆ ಸಿದ್ಧರಾಗಿ ಹೋಗಿದ್ದೆವು. ಅವನು “ಅಣ್ಣ! ಅಕ್ಕ! ಬನ್ನಿ ಬನ್ನಿ” ಎಂದು ಮಂಚದ ಮೇಲಿನ ಬಟ್ಟೆಗಳನ್ನು ಬಾಚಿ ಜಾಗ ಮಾಡಿದ. ಹೆಂಡತಿಗೆ “ನಾನು ಹೇಳಿರ್ಲಿಲ್ವಾ, ಗ್ಲಾಸಿನ ಅಣ್ಣ, ಇವ್ರೇ. ಟೀ ಇಡು” ಎಂದ.

ಆಗಿದ್ದು ಹೀಗೆ. ಮಾಲೀಕರು ಬಂದರು, ಗ್ಲಾಸಿನಲ್ಲಿ ಏನೂ ಕಾಣಲಿಲ್ಲ. ಕೆಲವು ದಿನ ಎಲ್ಲ ಸುಸೂತ್ರ. ಒಂದು ಮಧ್ಯಾಹ್ನ ಮಾಲೀಕರ ಸೊಸೆ ಹಸುಗೂಸನ್ನು ಎತ್ತಿಕೊಂಡು ಹಿಂದೆ ಕೂತಿದ್ದಳು, ಮಾಲೀಕರು ಮುಂದೆ. ಹೊರಗೆ ಕಾದ ಬಿಸಿಲು, ಮಗುವಿಗೆ ಸೆಕೆ ಎಂದು ಒಳಗೆ ಎ.ಸಿ. ಜೋರಾಗಿತ್ತು. ಒಂದು ಉಬ್ಬು ದಾಟಿದ್ದೇ ತಡ, ಟಿಕ್ ಎಂದಿತು. ಬಿರುಕು ಅವನ ಕಣ್ಣೆದುರಿಗೇ ಈ ಕೊನೆಯಿಂದ ಆ ಕೊನೆಗೆ ಓಡಿತು. ಕಾರು ಅಡ್ಡಾದಿಡ್ಡಿಯಾಗಿ ಪಕ್ಕದ ಗೋಡೆಯ ಹತ್ತಿರ ಹೋಗಿ ನಿಂತಿತು. ಯಾರಿಗೂ ಏಟಾಗಲಿಲ್ಲ, ಮಗು ಮಾತ್ರ ಕಿಟಾರನೆ ಕಿರುಚಿಕೊಂಡಿತು.

“ಕಂಪನಿಯವರು ನೋಡಿದ ಕೂಡ್ಲೇ ‘ಇದನ್ನ ಯಾರೋ ತುಂಬಿದ್ದಾರೆ, ಅಂಚಿನದನ್ನ ಯಾವ ದಡ್ಡ ತುಂಬಿದ್ದು’ ಅಂದ್ರು. ಸಾಹೇಬ್ರು ನನ್ನ ಮುಖ ನೋಡಿದ್ರು. ನಾನೇ ಅಂದೆ.”

“ನೀವೇ ಅಂದ್ರೆ?” ಎಂದು ನಾನು ಕೇಳಿದೆ.

“ನಾನೇ ಅಂಗಡಿಯಿಂದ ಡಬ್ಬಿ ತಂದು ತುಂಬಿದೆ ಅಂದೆ ಅಕ್ಕ. ಅಣ್ಣನ ಅಂಗಡಿ ಹೆಸರು ಯಾಕೆ ಹಾಳು ಮಾಡ್ಲಿ? ಅವ್ರು ಬೇಡ ಅಂತಲೇ ಹೇಳಿದ್ರು. ಬಲವಂತ ಮಾಡಿದ್ದು ನಾನು.”

ನಮ್ಮವರು ಟೀ ಲೋಟ ಕೆಳಗಿಟ್ಟರು.

“ಸಾಹೇಬ್ರು ಕೆಟ್ಟವರಲ್ಲ,” ಎಂದು ಅವನು ಮುಂದುವರಿಸಿದ. “ಸುತ್ತಾಡಿದ್ದನ್ನೂ ಒಪ್ಕೊಂಡೆ. ಅದಕ್ಕೆ ಬೈದು ಬಿಟ್ರು. ‘ಕಲ್ಲು ಬಿದ್ದದ್ದಕ್ಕೆ ನಿನ್ನನ್ನ ಕಳಿಸ್ತಿಲ್ಲ ಕಣೋ. ಒಡೆದ ಗ್ಲಾಸಿನ ಹಿಂದೆ ನನ್ನ ಮೊಮ್ಮಗೂನ ಕೂರಿಸಿದ್ಯಲ್ಲ, ಗೊತ್ತಿದ್ದೂ ಗೊತ್ತಿದ್ದೂ, ಅದಕ್ಕೆ’ ಅಂದ್ರು. ನಾನು ಗೊತ್ತಿದ್ದೂ ಕೂರಿಸಿದ್ನಾ ಅಕ್ಕ? ಸರಿ ಹೋಗಿದೆ ಅಂತ ತಾನೆ ಕೂರಿಸಿದ್ದು? ಅಣ್ಣಂಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಹಣೇಲಿ ಬರೆದಿತ್ತು, ಆಯ್ತು. ನೀವು ಇಷ್ಟು ದೂರ ಹುಡುಕ್ಕೊಂಡು ಬಂದ್ರಲ್ಲ, ಅದೇ ದೊಡ್ಡದು.”

ಅಯ್ಯೋ, ಅವನು ಎರಡು ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ನನಗೆ ನೆಲ ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಅವನ ಹೆಂಡತಿ ಒಲೆಯ ಹತ್ತಿರ ನಿಂತು ಇವರನ್ನೇ ನೋಡುತ್ತಿದ್ದಳು. ಹೆಂಗಸರಿಗೆ ಬೇಗ ವಾಸನೆ ಬಡಿಯುತ್ತದೆ.

“ನನಗೆ ಗೊತ್ತಿತ್ತು,” ಎಂದರು ನಮ್ಮವರು.

“ಏನಣ್ಣ?”

“ಅದು ನಿಲ್ಲಲ್ಲ ಅಂತ ಗೊತ್ತಿತ್ತು ತಮ್ಮ. ತುಂಬಿ ಕೈ ಒರೆಸ್ಕೊಳ್ಳೋವಾಗಲೇ ಗೊತ್ತಿತ್ತು. ನೀವು ಕೇಳಿದ್ರಿ. ನಿಮಗೆ ಬೇಕಾದ ಹಾಗೆ ಕೇಳ್ಸೋ ಮಾತು ಹೇಳಿ ಕಳಿಸಿದೆ.”

ಡ್ರೈವರ್ ನಗಲು ನೋಡಿದ, ಆಗಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಂಡ. ಸಂದಿಯಲ್ಲಿ ಯಾರೋ ಮಗುವನ್ನು ಸ್ನಾನಕ್ಕೆ ಕರೆಯುತ್ತಿದ್ದರು. ಆಮೇಲೆ ಅವನು ಮಾತಾಡಿದಾಗ ದನಿ ಏರಲೂ ಇಲ್ಲ.

“ಅವತ್ತು ‘ಇಲ್ಲ’ ಅಂದಿದ್ರೆ ನಾನು ಹೋಗಿ ಸಾಹೇಬ್ರ ಕಾಲು ಹಿಡ್ಕೊಳ್ತಿದ್ದೆ ಅಣ್ಣ. ಬೈತಿದ್ರು. ಇಟ್ಕೊಳ್ತಿದ್ರು.”

“ನಾನು ಈಗಲೇ ಹೋಗಿ ಅವರಿಗೆ ಹೇಳ್ತೀನಿ. ತಪ್ಪು ನಂದು ಅಂತ.”

“ಬೇಡ. ನಾನೇ ತುಂಬಿದೆ ಅಂತ ಹೇಳಿದ್ದೀನಿ. ಅದೂ ಸುಳ್ಳು ಅಂತ ಗೊತ್ತಾದ್ರೆ, ಬೇರೆ ಕಡೆ ಕೆಲಸಕ್ಕೆ ಹೇಳ್ತೀನಿ ಅಂದಿದ್ದಾರೆ, ಅದೂ ಹೋಗತ್ತೆ.” ಬಾಗಿಲ ಕಡೆ ನೋಡಿಕೊಂಡು ಅಂದ, “ನೀವು ಅವತ್ತು ಹೇಳ್ಬೇಕಾಗಿತ್ತು ಅಣ್ಣ. ಇವತ್ತು ಹೇಳ್ಬಾರ್ದಾಗಿತ್ತು. ಇಷ್ಟು ದಿನ ತಪ್ಪೆಲ್ಲ ಆ ಕಲ್ಲಿನ ಮೇಲೆ ಹಾಕಿ ಸುಮ್ನಿದ್ದೆ.”

ಅವನ ಹೆಂಡತಿ ಬಂದು, ಇವರ ಮುಂದಿದ್ದ ಅರ್ಧ ಲೋಟ ಟೀಯನ್ನು ಎತ್ತಿಕೊಂಡು ಮೂಲೆಯ ಬಚ್ಚಲಿಗೆ ಚೆಲ್ಲಿದಳು. ಇನ್ನೂ ಕುಡಿದು ಮುಗಿದಿರಲಿಲ್ಲ ಎಂದು ಹೇಳುವ ಮುಖ ನಮಗಿರಲಿಲ್ಲ. ಎದ್ದು ಬಂದೆವು.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಕೂತಿದ್ದರು. ಹೊರಗೆ ನೋಡಿಕೊಂಡೇ, “ಹೇಳಿದ್ರೆ ಹಗುರಾಗತ್ತೆ ಅಂದ್ಕೊಂಡಿದ್ದೆ ಕಣೇ” ಎಂದರು.

“ಯಾರಿಗೆ? ಅವನಿಗಾ, ನಿಮಗಾ?” ಎಂದು ಕೇಳಿದೆ.

ಕಂಡಕ್ಟರ್ ಬಂದು ಟಿಕೆಟ್ ಕೊಟ್ಟು ಹೋದ.

“ನನಗೆ” ಎಂದರು.

ನಾನು ಬೈಯಲಿಲ್ಲ. ಬಾಯಿ ತುಂಬ ಮಾತಿತ್ತು. ಬೈದಿದ್ದರೆ ಇವರಿಗೆ ಸ್ವಲ್ಪ ಸುಖವಾಗುತ್ತಿತ್ತು, ಅದಕ್ಕೇ ಬೈಯಲಿಲ್ಲ.